ಹದಿನಾಲ್ಕು ಕಾಲಿನ ಅಳತೆ

ಮನುಷ್ಯನಿಗೆ ಇರುವುದು ಎರಡೇ ಕಾಲು. ಇಪ್ಪತ್ತು ವರ್ಷದಿಂದ ಬ್ಯಾಡಗಿ ಪೇಟೆಯಲ್ಲಿ ಪ್ಯಾಂಟು ಹೊಲಿಯುತ್ತಿರುವ ನನಗೆ ಈ ವಿಷಯವನ್ನು ಯಾರೂ ಹೇಳಿಕೊಡಬೇಕಾಗಿಲ್ಲ. ಹೀಗಿರುವಾಗ ಒಂದು ಸಂಜೆ ನನ್ನ ಮಗಳು ಸಹನಾ ಅಂಗಡಿಗೆ ಬಂದು ಕೇಳಿದಳು:

“ಅಪ್ಪಾ, ಹದಿನಾಲ್ಕು ಕಾಲಿಂದು ಹೊಲಿಯಾಕ ಬರತೈತೇನು?”

“ಏಳು ಪ್ಯಾಂಟು. ಅದರಾಗೇನೈತಿ?” ಎಂದುಬಿಟ್ಟೆ. ನನ್ನ ಅವನತಿ ಶುರುವಾದದ್ದೇ ಅಲ್ಲಿಂದ!

ಆಕೆ ಆರನೇ ಕ್ಲಾಸು. ಶಾಲೆಯ ವಿಜ್ಞಾನದ ದಿನ ಒಂದೊಂದು ಮಗು ಒಂದೊಂದು ಜೀವಿಯ ವೇಷ ಹಾಕಿ, ಅದರ ಬಗ್ಗೆ ಐದು ಮಾತು ಹೇಳಬೇಕಂತೆ. ಬೇರೆ ಮಕ್ಕಳು ಹುಲಿ, ನವಿಲು ಎಂದು ಆರಿಸಿಕೊಂಡರೆ ನನ್ನ ಮಗಳು ಪುಸ್ತಕ ತೆಗೆದು ತೋರಿಸಿದ್ದು ಐಸೊಪಾಡ್ ಎಂಬ ಪ್ರಾಣಿಯನ್ನು. ಸಿಗಡಿ, ಏಡಿಗಳ ಬಳಗದ್ದು. ಬೆಳಕೇ ಮುಟ್ಟದ ಸಮುದ್ರದ ಆಳದಲ್ಲಿ ಇದರ ವಾಸ. ನಾನು ಕಂಡಿರುವ ಅತಿ ಆಳದ ನೀರೆಂದರೆ ಗಳಗನಾಥದ ಹೊಳೆ. ಅಲ್ಲೂ ಮೊಣಕಾಲಿನ ಮೇಲೆ ಇಳಿದವನಲ್ಲ.

“ಇದರೊಳಗ ಇದ್ರ ನನ್ನ ಮುಖ ಯಾರಿಗೂ ಕಾಣಂಗಿಲ್ಲಲ್ಲಾ?” ಎಂದು ಸಹನಾ ಮೆಲ್ಲಗೆ ಕೇಳಿದಳು.

ಹೋದ ವರ್ಷ ವೇದಿಕೆ ಹತ್ತಿದ ಈ ಹುಡುಗಿ, ಒಂದು ಮಾತೂ ಆಡದೆ ಮೈಕಿನ ವೈರನ್ನೇ ನೋಡುತ್ತ ನಿಂತು, ಕೆಳಗಿಳಿದವಳು ಎಂಟು ದಿನ ಶಾಲೆಗೇ ಹೋಗಿರಲಿಲ್ಲ. ಈ ಸಲವೂ ಹಾಗಾದರೆ ಆಕೆ ಮತ್ತೆಂದೂ ವೇದಿಕೆ ಹತ್ತುವುದಿಲ್ಲವೆಂದು ನನಗೂ ಹೆಂಡತಿ ಶೋಭಾಗೂ ಹೆದರಿಕೆ. ಮನೆಯಲ್ಲಿ ಮಾತ್ರ ಕೇಳಲೇಬೇಡಿ! ನಾನು ಬಾಯಿ ತೆರೆದರೆ ಸಾಕು, “ತಪ್ಪು!” ಎನ್ನುತ್ತಾಳೆ. ಒಂಬತ್ತಕ್ಕೆ ಬಸ್ಸು ಎಂದರೆ, “ತಪ್ಪು, ಒಂಬತ್ತೂ ಹತ್ತಕ್ಕ.” ನಾಳೆ ಗುರುವಾರ ಎಂದರೆ, “ತಪ್ಪು, ಇವತ್ತ ಗುರುವಾರ.”

“ನಿನ್ನ ಉಗುರು ಸೈತ ಕಾಣಂಗಿಲ್ಲ, ನನ್ನವ್ವ,” ಎಂದು ಮಾತು ಕೊಟ್ಟೆ.

ಆ ಪ್ರಾಣಿಯ ಬೆನ್ನಿನ ಚಿಪ್ಪು ಸೆಟೆದು ನಿಲ್ಲಬೇಕಲ್ಲ? ಪಕ್ಕದ ಮೆಣಸಿನಕಾಯಿ ವ್ಯಾಪಾರಿಯ ಹತ್ತಿರ ಹಳೆಯ ಗೋಣಿಚೀಲ ಬೇಡಿ ತಂದು, ನಾಲ್ಕು ಸಲ ಝಾಡಿಸಿ, ಒಳಗಡೆ ಅಸ್ತರು ಹಾಕಿದೆ. ಸ್ಟೀಲಿನ ಎರಡು ಬಟ್ಟಲು ಕಣ್ಣಾದವು. ಅಡುಗೆಮನೆಯಲ್ಲಿ ಅವುಗಳ ಹುಡುಕಾಟ ನಡೆದಾಗ ನಾನು ತುಟಿ ಬಿಚ್ಚಲಿಲ್ಲ.

ಸಹನಾ ದಿನಾ ಸಂಜೆ ಪಕ್ಕದಲ್ಲಿ ಕುಳಿತು ಗಟ್ಟಿಯಾಗಿ ಓದುತ್ತಿದ್ದಳು. ನಾನು ಮಷೀನು ತುಳಿಯುತ್ತ ಕೇಳುತ್ತಿದ್ದೆ. ಅಂದರೆ, ಮಷೀನು ನಿಂತಾಗ ಮಾತ್ರ ಕೇಳುತ್ತಿದ್ದೆ.

“ಇದು ಬೆಳದಂಗ ಚಿಪ್ಪು ಬಿಗಿ ಆಗತೈತಿ ಅಪ್ಪಾ. ಹಳೇದು ಕಳಚಿ ಹೊಸಾದು ಮಾಡ್ಕೋತೈತಿ.”

ಅಯ್ಯೋ ಪಾಪ! ಸ್ವಲ್ಪ ಮಾರ್ಜಿನ್ ಬಿಟ್ಟು ಹೊಲಿಯುವ ಟೇಲರ್ ಒಬ್ಬನಿದ್ದಿದ್ದರೆ ಈ ಕಷ್ಟವಿತ್ತೇ? ಬೆಳೆಯುವ ಮಕ್ಕಳ ಬಟ್ಟೆಗೆ ಮಾರ್ಜಿನ್ ಬಿಡುವುದು ನಮ್ಮ ಅಂಗಡಿಯ ಧರ್ಮ. ಎರಡು ಇಂಚು ಬಿಟ್ಟೆ.

“ಇದರ ಬಳಗದಾಗ ಭಾಳ ಜೀವಿ ಅಂಗೈಗಿಂತ ಸಣ್ಣವು. ಆಳದಾಗಿನವು ಮಾತ್ರ ದೊಡ್ಡದಾಗಿ ಬೆಳೀತಾವ.”

ಇನ್ನೂ ಆರು ಇಂಚು ಬಿಟ್ಟೆ!

“ಹಾಕ್ಕೊಂಡು ನೋಡತೇನಿ ಕೊಡು ಅಪ್ಪಾ,” ಎಂದು ಆಕೆ ಕೇಳಿದಾಗಲೆಲ್ಲ ನನ್ನ ಬಾಯಿಂದ ಬಂದದ್ದು ಗಿರಾಕಿಗಳಿಗೆ ಹೇಳಿ ಹೇಳಿ ರೂಢಿಯಾದ ಮಾತು: “ನಾಳೆ ಬಾ.” ಹತ್ತು ದಿನ ಹೆತ್ತ ಮಗಳಿಗೇ “ನಾಳೆ” ಎಂದೆ. ಕೊನೆಯ ಕಾಲು ಹೊಲಿದು ಮುಗಿಸಿದ್ದು ಕಾರ್ಯಕ್ರಮದ ದಿನ ಬೆಳಿಗ್ಗೆ, ಒಂಬತ್ತು ಗಂಟೆಗೆ.

ಶಾಲೆಯ ಖಾಲಿ ಕೋಣೆಯಲ್ಲಿ ಸಹನಾಗೆ ವೇಷ ತೊಡಿಸಿದೆವು. ಆಕೆ ಒಳಗೆ ಹೋದಳು. ಹೋದವಳು ಎಲ್ಲಿದ್ದಾಳೆಂದೇ ತಿಳಿಯಲಿಲ್ಲ! ಕಣ್ಣಿಗಿಟ್ಟ ಕಿಂಡಿ ಆಕೆಯ ತಲೆಗಿಂತ ಒಂದು ಗೇಣು ಮೇಲಿತ್ತು. ಎರಡು ಹೆಜ್ಜೆ ಇಟ್ಟು ದಬ್ಬೆಂದು ಬಿದ್ದಳು.

“ಯಾರ ಅಳತಿ ತೊಗೊಂಡಿದ್ರಿ ನೀವು?” ಶೋಭಾ ಕೇಳಿದಳು.

“ಬೆಳಿಯೋ ಹುಡುಗಿ ಅಂತ...”

“ಆಕಿ ಕಾಲೇಜಿಗೆ ಹೋಗೂ ಮುಂದ ಹಾಕ್ಕೊಳ್ಳಲೇನು?”

ಅಷ್ಟರಲ್ಲಿ ಟೀಚರ್ ಬಾಗಿಲಿಗೆ ಬಂದು, “ಸಹನಾ, ಮುಂದಿಂದು ನಿಂದ!” ಎಂದರು. ಮಗಳು ಚಿಪ್ಪಿನಿಂದ ಹೊರಬಂದಳು. ಮತ್ತೆ ಮೈಕು, ಮತ್ತೆ ಬರಿಯ ಮುಖ. ಮಾತು ಕೊಟ್ಟವನು ನಾನು, ಕೆಡಿಸಿದವನೂ ನಾನೇ. ಆ ಚಿಪ್ಪು ಊರಲ್ಲಿ ಯಾರಿಗೆ ಸರಿಹೋಗುತ್ತದೆಂದು ಒಮ್ಮೆ ನೋಡಿದೆ. ನನಗೇ ಅಳತೆ ತೆಗೆದು ಹೊಲಿದಂತಿತ್ತು!

“ನಾ ಹಾಕ್ಕೋತೇನಿ,” ಎಂದೆ. “ನೀ ಬಾಜೂಕ ಮೈಕ್ ಹಿಡಕೊಂಡು ನಿಂದ್ರು. ಐದು ಮಾತು ನಾ ಹೇಳತೇನಿ.”

ತೊಟ್ಟಿದ್ದ ಪ್ಯಾಂಟು, ಶರಟಿನ ಮೇಲೆ ಚಿಪ್ಪು ಹತ್ತಲಿಲ್ಲ. ಅವನ್ನು ಬಿಚ್ಚಿಟ್ಟು, ಬನಿಯನ್ ಮತ್ತು ಪಟಾಪಟಿ ಚಡ್ಡಿಯಲ್ಲಿ ಒಳಹೊಕ್ಕೆ. ಶೋಭಾ ಬೆನ್ನ ಮೇಲಿನ ಜಿಪ್ ಎಳೆದಳು.

ವೇದಿಕೆ ಹತ್ತುವಾಗ ಎಂಟು ಕಾಲು ಮೆಟ್ಟಿಲಿಗೆ ಸಿಕ್ಕಿದವು. ಜನ ಹೋ ಎಂದರು. ಕಿಂಡಿಯಿಂದ ನೋಡಿದರೆ ಸಹನಾ ತಲೆ ತಗ್ಗಿಸಿ, ಮೈಕನ್ನು ನನ್ನತ್ತ ಚಾಚಿ ನಿಂತಿದ್ದಳು. ನಾನು ಗಂಭೀರವಾಗಿ ಆರಂಭಿಸಿದೆ:

“ಹಿರಿಯರ, ನಾನು ಐಸೊಪಾಡ್. ನನ್ನ ತಲಿ ಮ್ಯಾಲೆ ನೀರಿನ ಭಾರ ಭಾಳ ಐತಿ. ಆದ್ರ ನನ್ನ ಚಿಪ್ಪು ಕಬ್ಬಿಣದಂಗ ಗಟ್ಟಿ. ಅದಕ್ಕ ನಾ ಅಪ್ಪಚ್ಚಿ ಆಗಂಗಿಲ್ಲ.”

“ತಪ್ಪು!”

ಮೈಕಿನಲ್ಲಿ ಇಡೀ ಶಾಲೆಗೆ ಕೇಳಿಸಿತು. ಮೈಕು ಈಗ ಸಹನಾಳ ಬಾಯಿಯ ಹತ್ತಿರವಿತ್ತು!

“ಚಿಪ್ಪಿನಿಂದ ಅಲ್ಲ ಅಪ್ಪಾ. ಇದರ ಮೈಯಾಗ ಗಾಳಿ ತುಂಬಿದ ಜಾಗಾನ ಇಲ್ಲ. ಖಾಲಿ ಬಾಟ್ಲಿ ಆಳಕ್ಕ ಹೋದ್ರ ಚಪ್ಪಟಿ ಆಗತೈತಿ, ನೀರು ತುಂಬಿದ್ದು ಆಗಂಗಿಲ್ಲ. ಹೊರಗ ಎಷ್ಟು ಒತ್ತಡ ಐತೋ ಒಳಗೂ ಅಷ್ಟ ಇರತೈತಿ.”

ನಾನು ಸಾವರಿಸಿಕೊಂಡು ಮುಂದುವರಿದೆ: “ಅಲ್ಲೆ ಕತ್ತಲಿ ಇರೋದರಿಂದ ನನಗ ಕಣ್ಣ ಇಲ್ಲ.”

“ತಪ್ಪು! ನೀನ ಎರಡು ಬಟ್ಲ ಹಚ್ಚೀದಿ. ಇದರ ಕಣ್ಣು ದೊಡ್ಡವು. ಬೆಕ್ಕಿನ ಕಣ್ಣಿನಂಗ ಹೊಳೀತಾವ. ಒಂಚೂರು ಬೆಳಕು ಸಿಕ್ಕರೂ ಬಿಡಂಗಿಲ್ಲ.”

ಕಾಣೆಯಾದ ಬಟ್ಟಲುಗಳು ಸಿಕ್ಕಿದ ಸಂತೋಷ ಶೋಭಾಳ ಮುಖದಲ್ಲಿ ಕಾಣಲಿಲ್ಲ.

“ಮತ್ತ ನಾ ದಿನಾ ಮೂರು ಹೊತ್ತು...”

“ತಪ್ಪು! ಮ್ಯಾಲಿಂದ ಸತ್ತ ಮೀನು ಬಿದ್ದಾಗ ಹೊಟ್ಟಿ ತುಂಬ ತಿಂದು, ಆಮ್ಯಾಲೆ ತಿಂಗಳಗಟ್ಟಲೆ ಉಪವಾಸ ಇರತೈತಿ.” ಆಮೇಲೆ ನನ್ನ ತಪ್ಪಿಗೂ ಕಾಯದೆ ಹೇಳಿದಳು: “ಒತ್ತಡಕ್ಕ ಮೈಯಾಗಿನ ಪ್ರೋಟೀನ್ ಸೊಟ್ಟ ಆಗಬಾರದಂತ ಇಂಥಾ ಜೀವಿಗಳ ಜೀವಕೋಶದಾಗ ಒಂದು ರಾಸಾಯನಿಕ ಇರತೈತಿ. ಅದೂ ಐಸೊಪಾಡನ್ನ ಕಾಯತೈತಿ.”

ಐದಲ್ಲ, ಹದಿನೈದು ಮಾತು ಹೇಳಿದಳು! ತಲೆ ಎತ್ತಿ, ಜನರನ್ನು ನೋಡುತ್ತ ಹೇಳಿದಳು. ಚಪ್ಪಾಳೆಯ ಸದ್ದು ಗೋಣಿಚೀಲ ದಾಟಿ ಬಂತು. ಕಿಂಡಿಯಲ್ಲಿ ನನಗೆ ಏನೂ ಕಾಣದಾಯಿತು.

ಕೋಣೆಗೆ ಮರಳಿದಾಗ ಟೀಚರ್ ಹಿಂದೆಯೇ ಬಂದರು. “ಮಗಳು ಮಾತಾಡ್ಲಿ ಅಂತ ಬೇಕಂತಲೇ ತಪ್ಪು ಹೇಳಿದ್ರಿ, ಹೌದಲ್ರಿ? ಭಾರಿ ಶಾಣ್ಯಾರಿದ್ದೀರಿ!”

ಹೌದೆಂದು ತಲೆಯಾಡಿಸಿದೆ. ಬಟ್ಟಲುಗಳೂ ಆಡಿದವು. ಸಹನಾ ನನ್ನನ್ನೇ ನೋಡಿದಳು. ಜೀವನದಲ್ಲಿ ಮೊದಲ ಸಲ ನನ್ನ ಒಂದು ಸುಳ್ಳನ್ನು ಆಕೆ ತಿದ್ದದೆ ಬಿಟ್ಟಳು.

ಶೋಭಾ ಜಿಪ್ ಎಳೆದಳು. ಅದರ ಹಿಡಿ ಕಿತ್ತು ಕೈಗೆ ಬಂತು. ಹೊಲಿಗೆ ಬಿಚ್ಚೋಣವೆಂದರೆ ನಾನು ಹೊಲಿದದ್ದು ಡಬಲ್ ಹೊಲಿಗೆ! ಕತ್ತರಿ ತಂದು ಕೆಳಗಿನಿಂದ ಕತ್ತರಿಸತೊಡಗಿದಳು. ಮೊದಲು ಹಿಂದಿನ ಅರ್ಧ ಕಳಚಿ ಬಿತ್ತು. ಪಟಾಪಟಿ ಚಡ್ಡಿ ಲೋಕಾರ್ಪಣೆಯಾಯಿತು! ಟೀಚರ್ ಗಡಬಡಿಸಿ ಹೊರಗೆ ಹೋದರು.

“ಖರೇ ಐಸೊಪಾಡೂ ಹಿಂಗ ಅವ್ವಾ,” ಸಹನಾ ಖುಷಿಯಿಂದ ಕೂಗಿದಳು. “ಅರ್ಧರ್ಧ ಕಳಚತೈತಿ, ಮೊದಲ ಹಿಂದಿಂದು!”

ಮುಂದಿನ ಅರ್ಧವೂ ಹೋಯಿತು. ಬೆವರಿಗೆ ಚೀಲದ ಪುಡಿ ಮೆತ್ತಿ, ಸೊಂಟದಿಂದ ಹಣೆಯವರೆಗೆ ನಾನು ಕೆಂಪಾಗಿದ್ದೆ. ಆ ಕೆಂಪಿನ ನಡುವೆ ಎರಡು ಗೆರೆ ಕೆನ್ನೆಯ ಮೇಲಿಂದ ಇಳಿದಿದ್ದವು. ಶೋಭಾ ಸೆರಗಿನಿಂದ ಮುಖ ಒರೆಸುತ್ತ ಮೆತ್ತಗೆ ಕೇಳಿದಳು, “ಅತ್ತೀರೇನ್ರಿ?”

“ಛೇ! ಚೀಲದಾಗಿನ ಮೆಣಸಿನಕಾಯಿ ಖಾರ,” ಎಂದೆ.

“ತಪ್ಪು ಅಪ್ಪಾ,” ಎಂದು ಸಹನಾ ನನ್ನ ಕೆಂಪು ಕೈ ಹಿಡಿದುಕೊಂಡಳು. “ನಮ್ಮೂರ ಮೆಣಸಿನಕಾಯಿ ಬಣ್ಣಕ್ಕ ಹೆಸರಾಗೇತಿ. ಖಾರಕ್ಕಲ್ಲ.”

ಮೆಣಸಿನಕಾಯಿ ಪೇಟೆಯಲ್ಲೇ ಹುಟ್ಟಿ ಬೆಳೆದ ನನಗೆ ಅದೂ ನೆನಪಾಗಿರಲಿಲ್ಲ!