ಚುಕ್ಕಿ ಕೇಳುವ ಹಾಡು

ಹಾಲು ಕೊಡುವುದು ಹಸುವಿನ ಧರ್ಮ, ಕರೆಯುವ ಕೈ ಯಾರದಾದರೇನು ಎಂದು ಮುನಿರಾಜು ಹೆಂಡತಿಯ ಮುಂದೆ ಹೇಳಿದ ಒಂದೇ ಮಾತಿನಿಂದ ಇಷ್ಟೆಲ್ಲ ಆಯಿತು.

ಬೂದಿಕೋಟೆಯಿಂದ ಎರಡು ಮೈಲಿ ಒಳಗಿರುವ ಹಳ್ಳಿಯಲ್ಲಿ ಅವನಿಗೆ ಒಂದು ಎಕರೆ ಹೊಲ, ಚುಕ್ಕಿ ಎಂಬ ಒಂದು ಸೀಮೆ ಹಸು, ಅಂಬಿಕ ಎಂಬ ಹೆಂಡತಿ ಇದ್ದರು. ಹೊಲವನ್ನು ಮಳೆರಾಯ ನೋಡಿಕೊಳ್ಳುತ್ತಿದ್ದ. ಹಸುವನ್ನು ಅಂಬಿಕ ನೋಡಿಕೊಳ್ಳುತ್ತಿದ್ದಳು. ಅಂಬಿಕಳನ್ನು ದೇವರು ನೋಡಿಕೊಳ್ಳುತ್ತಿದ್ದ. ಹೀಗಾಗಿ ಮುನಿರಾಜುವಿಗೆ ಬೇಕಾದಷ್ಟು ಬಿಡುವಿತ್ತು.

ಕ್ಯಾಸಂಬಳ್ಳಿಯಲ್ಲಿ ಅಂಬಿಕಳ ತಂಗಿ ಸುಮಲತಳ ಮಗುವಿಗೆ ನಾಮಕರಣ. ಸಾಯಂಕಾಲದ ಹಾಲು ಕರೆದು ಡೈರಿಗೆ ಹಾಕಿ, ಅಣ್ಣನ ಗಾಡಿಯ ಹಿಂದೆ ಕೂತು ಹೊರಡುವಾಗ ಅವಳಿಗೆ ಅನುಮಾನ ಬಂತು. ಚುಕ್ಕಿ ಬೇರೆಯವರ ಕೈಗೆ ಹಾಲು ಇಳಿಸುವುದಿಲ್ಲ, ನಾಳೆ ರಾತ್ರಿಯವರೆಗೆ ಹೇಗೋ ಏನೋ ಎಂದಳು. ಮುನಿರಾಜು ಧರ್ಮದ ಮಾತು ಹೇಳಿದ್ದು ಆಗಲೇ.

"ಆಗ್ದೇ ಓದ್ರೆ ಫೋನ್ ಮಾಡಯ್ಯ" ಎಂದಳು ಅಂಬಿಕ.

"ನಾನ್ಯಾಕೆ ಮಾಡ್ಲಿ. ನೀನು ಬಂದು ಡೈರಿ ಬುಕ್ಕು ನೋಡು, ಒಂದು ಲೀಟ್ರು ಜಾಸ್ತಿನೇ ಇರ್ತದೆ" ಎಂದ ಮುನಿರಾಜು.

ಮರುದಿನ ಬೆಳಗ್ಗೆ ಆರಕ್ಕೆ ಬಕೆಟ್ಟು ಹಿಡಿದು ಕೊಟ್ಟಿಗೆಗೆ ಹೋದ. ಚುಕ್ಕಿ ತಿರುಗಿ ನೋಡಿತು. ಸಂತೆಯಲ್ಲಿ ಗುರುತಿಲ್ಲದವನು ಬಂದು ಹೆಗಲ ಮೇಲೆ ಕೈ ಹಾಕಿದರೆ ನೋಡುತ್ತಾರಲ್ಲ, ಹಾಗೆ. ಅವನು ಬೂಸಾ ಇಟ್ಟ, ಕೆಚ್ಚಲು ತೊಳೆದ, ಎಣ್ಣೆ ಸವರಿದ. ಅರ್ಧ ಗಂಟೆ ಎಳೆದರೂ ಬಕೆಟ್ಟಿನ ತಳ ಮುಚ್ಚುವಷ್ಟು ಹಾಲು ಬರಲಿಲ್ಲ. ಬಂದಷ್ಟನ್ನೂ ಚುಕ್ಕಿ ಹಿಂಗಾಲಿನಿಂದ ಭೂಮಿತಾಯಿಗೆ ಅರ್ಪಿಸಿತು.

ಹತ್ತು ಗಂಟೆಯ ಹೊತ್ತಿಗೆ ಕೆಚ್ಚಲು ಮಡಕೆಯಂತೆ ಬಿಗಿದುಕೊಂಡಿತು. ಹಸು ಒಂದು ಕಾಲು ಎತ್ತಿ ಇನ್ನೊಂದು ಕಾಲು ಇಳಿಸುತ್ತಾ ಸಣ್ಣಗೆ ನರಳತೊಡಗಿತು. ಮುನಿರಾಜು ಸೋಮಾರಿಯೇ ಹೊರತು ಕೆಟ್ಟವನಲ್ಲ. ಆ ನರಳಾಟ ಕೇಳಲಾರದೆ ದನದ ಡಾಕ್ಟರಿಗೆ ಫೋನು ಮಾಡಿದ. ಸಾಯಂಕಾಲದೊಳಗೆ ಹಾಲು ಇಳಿಯದಿದ್ದರೆ ಕೆಚ್ಚಲು ಬಾವು ಬರುತ್ತದೆ, ಒಂದು ಸಾರಿ ಬಂದರೆ ಆ ಮೊಲೆಯ ಆಸೆ ಬಿಡಬೇಕಾದೀತು ಎಂದು ಅವರು ಹೇಳಿದರು. ಹಾಲು ಇಳಿಸುವ ಇಂಜೆಕ್ಷನ್ನಿನ ಮಾತೆತ್ತಬೇಡ ಎಂದು ಗದರಿದರು. ದಿನಾ ಕರೆಯುವವರು ಏನೇನು ಮಾಡುತ್ತಾರೋ ಒಂದೂ ಬಿಡದೆ ಅದನ್ನೇ ಮಾಡು, ಹಸು ನೆಮ್ಮದಿಯಾದರೆ ತಾನಾಗಿ ಇಳಿಸುತ್ತದೆ ಎಂದರು.

ಅಂಬಿಕ ಏನು ಮಾಡುತ್ತಾಳೆ ಎಂದು ಮುನಿರಾಜು ಯೋಚಿಸಿದ. ಅವಳು ಹಾಲು ಕರೆಯುವ ಹೊತ್ತಿನಲ್ಲಿ ಅವನು ಬೆಳಗ್ಗೆ ಮುಸುಕಿನೊಳಗೆ, ಸಾಯಂಕಾಲ ಅರಳಿಕಟ್ಟೆಯ ಮೇಲೆ ಇರುತ್ತಿದ್ದ. ಗೋಡೆಯಾಚೆಯಿಂದ ಒಂದು ಹಾಡು ಗುಂಯ್ ಎಂದು ತೇಲಿ ಬರುತ್ತಿತ್ತು. ಎಂಟು ವರ್ಷದಿಂದ ಆ ಹಾಡಿನಲ್ಲಿ ಅವನು ಸುಖವಾಗಿ ಇನ್ನೊಂದು ನಿದ್ದೆ ಮಾಡಿದ್ದ. ಹಾಡು ಯಾವುದು, ಅದರಲ್ಲಿ ಏನಿದೆ ಎಂದು ಮಾತ್ರ ಒಂದು ದಿನವೂ ಕಿವಿಗೊಟ್ಟಿರಲಿಲ್ಲ.

ಪಕ್ಕದ ಮನೆಯ ವೆಂಕಟರತ್ನಮ್ಮ ಮೋಟುಗೋಡೆಯ ಮೇಲಿಂದ ಇಣುಕಿ ವಿಷಯ ಕೇಳಿದರು. ಅವರ ಕೊಟ್ಟಿಗೆಗೂ ಇವನ ಕೊಟ್ಟಿಗೆಗೂ ಅದೊಂದೇ ಗೋಡೆ.

"ದೊಡ್ಡಮ್ಮ, ಇವಳು ಕರೆಯುವಾಗ ಅದ್ಯಾವ ಪದ ಏಳ್ತಾಳೆ, ನಿಂಗೇನಾದ್ರೂ ಕೇಳ್ಸೈತಾ?"

"ಕೇಳ್ದೆ ಏನ್ಲಾ. ಗೊಣಗಿದಂಗೆ ಏಳ್ತಾಳೆ, ಆದ್ರೂ ಧಾಟಿ ಭಜ್ನೆ ಮನೇದು. ನಮ್ಮಮ್ಮ ಏಳ್ತಿದ್ದ ತೆಲುಗು ಕೀರ್ತನೆ. ನಾನೇ ಏಳ್ಕೊಟ್ಟಿದ್ದು" ಎಂದರು ವೆಂಕಟರತ್ನಮ್ಮ. ಜೊತೆಗೆ, ಹಸು ವಾಸನೆ ಹಿಡಿಯುತ್ತದೆ, ಮೊದಲು ಅಂಬಿಕಳ ಉಟ್ಟ ಸೀರೆಯೊಂದನ್ನು ಮೈಗೆ ಸುತ್ತಿಕೊ ಎಂದು ಬುದ್ಧಿ ಹೇಳಿದರು.

ಮುನಿರಾಜು ದಾರದ ಮೇಲೆ ಒಣಗಲು ಹಾಕಿದ್ದ ಹಸಿರು ಸೀರೆಯನ್ನು ತಂದ. ಒಗೆದ ಸೀರೆಗೆ ಸೋಪಿನ ವಾಸನೆ ಬಿಟ್ಟರೆ ಏನಿರುತ್ತದೆ ಎಂದು ವೆಂಕಟರತ್ನಮ್ಮ ಬೈದು, ಬೇರೊಂದು ಹಳೆಯ ಸೀರೆಯನ್ನು ತಾವೇ ಹುಡುಕಿ, ನೆರಿಗೆ ಹಿಡಿದು ಉಡಿಸಿ, ಸೆರಗನ್ನು ತಲೆಯ ಮೇಲೆ ಎಳೆದರು. ಮೀಸೆಯೊಂದನ್ನು ಬಿಟ್ಟರೆ ಎಲ್ಲ ಸರಿಯಾಗಿತ್ತು. ಆಮೇಲೆ ಅವರು ಮೇವಿನ ಗೊಂತಿನ ಹತ್ತಿರ ಕೂತು ತಾಳ ತಟ್ಟುತ್ತಾ ಹಾಡಿದರು. ಕಂಠ ಹಳೆಯದಾದರೂ ಭಕ್ತಿ ಹೊಸದಾಗಿಯೇ ಇತ್ತು. ಚುಕ್ಕಿ ಕಣ್ಣು ಮುಚ್ಚಿ ತಲೆದೂಗಿತು. ಹಾಲು ಇಳಿಸಲಿಲ್ಲ. ಅದಕ್ಕೆ ವೈರಾಗ್ಯ ಬಂದಿರಬಹುದು ಎಂದು ಮುನಿರಾಜುವಿಗೆ ತೋರಿತು.

ಹಾಡು ಕೇಳಿ ಎದುರು ಮನೆಯ ಕಾಂತರಾಜ್ ಬಂದ. ಅವನು ದಿನಾ ಬಂಗಾರಪೇಟೆಯಿಂದ ರೈಲು ಹಿಡಿದು ಕೆಲಸಕ್ಕೆ ಹೋಗುವ ಹುಡುಗ. ಕಿವಿಯೊಳಗೆ ಯಾವಾಗಲೂ ಹಾಡು ಕೇಳಿಸುವ ಒಂದು ಜೊತೆ ಬಿಳಿ ಬೀಜ ಇರುತ್ತಿತ್ತು. ಅವತ್ತು ಅವನಿಗೆ ವಾರದ ರಜೆ. ಅಂಬಿಕಕ್ಕ ಗುನುಗುವುದು ಈಚಿನ ಹಾಡು, ತಾನು ಯುಗಾದಿಯಲ್ಲಿ ಅವರ ಫೋನಿಗೆ ಕಳಿಸಿದ್ದೇ ಅದು ಎಂದು ಅವನು ಖಂಡಿತವಾಗಿ ಹೇಳಿದ.

"ಅಣ್ಣ, ದನಕ್ಕೆ ನಿಧಾನದ ಮ್ಯೂಸಿಕ್ ಹಾಕ್ಬೇಕು. ಫಾರಿನ್‌ನಲ್ಲಿ ಹಂಗೇ ಮಾಡೋದು. ಅಕ್ಕಂಗೆ ಕಳ್ಸಿದ್ದೂ ಅಂಥದ್ದೇ ನೋಡಿ, ಮಾತೇ ಇಲ್ಲ, ಬರೀ ಮಳೆ ಬಿದ್ದಂಗೆ ಇರ್ತದೆ."

ಅಂಗೈಯಗಲದ ಸ್ಪೀಕರನ್ನು ತಂದು ಗೂಟಕ್ಕೆ ನೇತು ಹಾಕಿದ. ಮಳೆ ಬಿದ್ದಂತೆಯೇ ಇತ್ತು. ಚುಕ್ಕಿ ನೆನೆಯುವ ಭಯಕ್ಕೋ ಏನೋ ಮೂಲೆಗೆ ಸರಿದು ನಿಂತಿತು. ಅಷ್ಟರಲ್ಲಿ ಹಾಡು ತಾನಾಗಿ ಮುಂದಿನದಕ್ಕೆ ಹಾರಿ, ಜಲ್ಲಿ ಲಾರಿ ಮಗುಚಿದಂಥ ಸದ್ದು ಬಂತು. ಚುಕ್ಕಿ ಒಂದು ಸುತ್ತು ತಿರುಗಿತು. ಹಗ್ಗ ಮುನಿರಾಜುವಿನ ಕಾಲಿಗೂ ನೆರಿಗೆಗೂ ಸುತ್ತಿಕೊಂಡಿತು. ಅವನು ಸಗಣಿ ತುಂಬಿದ ಮಂಕರಿಯೊಳಗೆ ಕೂತ ರೀತಿ ಮಾತ್ರ ಮದುವಣಗಿತ್ತಿ ಹಸೆಯ ಮೇಲೆ ಕೂತಷ್ಟು ಚೆನ್ನಾಗಿತ್ತು.

ಮೂರು ಗಂಟೆಯ ಹೊತ್ತಿಗೆ ಶ್ರೀನಿವಾಸಪ್ಪ ಬಂದರು. ಚಿನ್ನದ ಗಣಿಯಲ್ಲಿ ಭೂಮಿಯೊಳಗೆ ಇಪ್ಪತ್ತೈದು ವರ್ಷ ದುಡಿದವರು. ಆಂಡರ್ಸನ್‌ಪೇಟೆಯಲ್ಲಿ ಗಣಿ ಕೆಲಸದ ಮೂರು ಭಾಷೆಯವರ ನಡುವೆ ಬಾಳಿ, ಗಣಿ ಮುಚ್ಚಿದ ಮೇಲೆ ಊರಿಗೆ ಮರಳಿದ್ದರು. ಹೋದ ಕಾರ್ತಿಕದಲ್ಲಿ ಅವರ ಹೆಂಡತಿ ಕದಿರಮ್ಮ ತೀರಿಕೊಂಡಿದ್ದರು. ಅಂದಿನಿಂದ ಅವರ ಮನೆಯ ಟೇಪ್ ರೆಕಾರ್ಡರು ಬಟ್ಟೆ ಮುಚ್ಚಿಕೊಂಡು ಕೂತಿತ್ತು. ಈಗ ಅದನ್ನು ಎತ್ತಿಕೊಂಡೇ ಬಂದಿದ್ದರು.

"ಅಂಬಿಕ ಆಡೋದು ತಮಿಳು ಪಾಟು ಕಣಪ್ಪ. ನಮ್ಮ ಕದಿರಮ್ಮ ದಿನಾ ಆಕ್ತಿದ್ಲು, ಇವಳು ಬಂದು ಕೂತು ಕೇಳ್ತಿದ್ಲು. ಎಂಬತ್ತರ ಇಸವೀದು. ಇವಾಗಿನವ್ರು ಆಡೋದು ಪಾಟಾ?"

ಕಾಂತರಾಜ್ ಮುಖ ಸಣ್ಣದು ಮಾಡಿದ. ಕ್ಯಾಸೆಟ್ಟು ಎರಡು ಸಾರಿ ತೊಡರಿ, ಪೆನ್ಸಿಲ್ಲಿನಿಂದ ಸುತ್ತಿಸಿಕೊಂಡು, ಕಡೆಗೆ ಹಾಡಿತು. ಕೊಳಲು, ಪಿಟೀಲು, ನಡುವೆ ಒಂದು ಹೆಣ್ಣು ದನಿ. ಶ್ರೀನಿವಾಸಪ್ಪ ಸೂರಿನ ಕಡೆ ನೋಡುತ್ತಾ ನಿಂತರು. ಆಗ ಚೊರ್ ಚೊರ್ ಎಂದು ಸದ್ದು ಕೇಳಿಸಿತು. ಮುನಿರಾಜು ಬಕೆಟ್ಟು ನೋಡಿದ. ಒಣಗಿತ್ತು. ಸದ್ದು ಗೋಡೆಯಾಚೆಯಿಂದ ಬರುತ್ತಿತ್ತು. ವೆಂಕಟರತ್ನಮ್ಮನವರ ಹಸು ನಿಂತಲ್ಲೇ ಹಾಲು ಸುರಿಸುತ್ತಿತ್ತು.

ವೆಂಕಟರತ್ನಮ್ಮ ಚೊಂಬು ಹಿಡಿದು ಓಡಿದರು. ಅರ್ಧ ಹಾಲು ನೆಲದ ಪಾಲಾಗಿತ್ತು. ಭಜನೆ ಕೇಳಿ ಬೆಳೆದ ಹಸುವನ್ನು ಸಿನಿಮಾ ಹಾಡಿನಿಂದ ಕೆಡಿಸಿದರೆಂದು ಅವರು ಶ್ರೀನಿವಾಸಪ್ಪನವರನ್ನು ತರಾಟೆಗೆ ತೆಗೆದುಕೊಂಡರು. ಹಸುವಿಗಾದರೂ ಒಳ್ಳೆಯ ಸಂಗೀತ ಗೊತ್ತಾಯಿತಲ್ಲ ಎಂದು ಶ್ರೀನಿವಾಸಪ್ಪ ಹೇಳಿದರು. ಹಾಡು ಅಂದರೆ ಮಾತು ಅರ್ಥವಾಗಬೇಕು ಎಂದು ವೆಂಕಟರತ್ನಮ್ಮ, ರಾಗ ಇರಬೇಕು ಎಂದು ಶ್ರೀನಿವಾಸಪ್ಪ, ಎರಡೂ ಬೇಡ, ಮನಸ್ಸು ಹಗುರವಾದರೆ ಸಾಕು ಎಂದು ಕಾಂತರಾಜ್. ಒಬ್ಬರ ಹಾಡನ್ನು ಒಬ್ಬರು ಕೇಳಿ ನೋಡಿ ಎಂದು ಮೂವರೂ ಒಟ್ಟಿಗೇ ಶುರು ಮಾಡಿದರು. ಚುಕ್ಕಿಯ ನರಳಾಟ ಅದರಲ್ಲಿ ಯಾರಿಗೂ ಕೇಳಿಸಲಿಲ್ಲ. ಮುನಿರಾಜು ಒಬ್ಬನಿಗೆ ಕೇಳಿಸಿತು.

ಐದು ಗಂಟೆಗೆ ಡೈರಿ ಸೆಕ್ರೆಟರಿ ಶ್ರೀರಾಮಪ್ಪ, ಬೆಳಗಿನ ಹಾಲು ಯಾಕೆ ಬರಲಿಲ್ಲವೆಂದು ವಿಚಾರಿಸಲು ಬಂದ. ಸೀರೆ ಉಟ್ಟವನ ಬೆನ್ನು ನೋಡಿ, "ಏನಮ್ಮ ಅಂಬಿಕ, ಮುನಿರಾಜ ಇನ್ನೂ ಎದ್ದಿಲ್ವಾ?" ಎಂದ. ಬೆನ್ನು ತಿರುಗಿತು. ಶ್ರೀರಾಮಪ್ಪ ಎರಡು ಹೆಜ್ಜೆ ಹಿಂದಕ್ಕೆ ಹೋದ.

ಚುಕ್ಕಿ ಮೂಲೆಯಲ್ಲಿ ತಲೆ ತಗ್ಗಿಸಿ ನಿಂತಿತ್ತು. ಮೊಲೆ ಮುಟ್ಟಿದರೆ ಬೆಚ್ಚುತ್ತಿತ್ತು. ಮುನಿರಾಜು ಅದರ ಕಣ್ಣು ನೋಡಿದ. ಆಮೇಲೆ ಯಾರಿಗೂ ಏನೂ ಹೇಳದೆ ಸೆರಗಿನಿಂದ ಕೈ ಒರೆಸಿಕೊಂಡು ಹೆಂಡತಿಗೆ ಫೋನು ಮಾಡಿದ.

"ನನ್ ಕೈಲಿ ಆಗ್ಲಿಲ್ಲ ಕಣೆ. ಅಸು ನೋವು ತಿಂತೈತೆ. ನೀನು ದಿನಾ ಏಳ್ತೀಯಲ್ಲ ಆ ಪದ, ಅದೊಂದು ಏಳ್ಬಿಡೆ."

"ಪಕ್ಕದಲ್ಲಿ ಯಾರವ್ರೆ?" ಎಂದು ಅಂಬಿಕ ಕೇಳಿದಳು.

"ಎಲ್ರೂ ಅವ್ರೆ."

"ಬೇಡ ಬಿಡಯ್ಯ, ನಾನೇ ಬತ್ತೀನಿ."

"ನೀನು ಬರೋದ್ರಲ್ಲಿ ಮೊಲೆ ಓಗ್ತದೆ. ಏಳೇ, ನಿನ್ ಕೈ ಮುಗೀತೀನಿ."

ವೆಂಕಟರತ್ನಮ್ಮ, ಕಾಂತರಾಜ್, ಶ್ರೀನಿವಾಸಪ್ಪ ಮೂವರೂ ತಮ್ಮ ತಮ್ಮ ಹಾಡು ಬರುವುದೆಂದು ಮುಂದಕ್ಕೆ ಬಾಗಿದರು. ಕಾಂತರಾಜ್ ತನ್ನ ಫೋನಿನಲ್ಲಿ ಹಿಡಿದಿಟ್ಟುಕೊಳ್ಳಲು ಸಿದ್ಧನಾದ. ಮುನಿರಾಜು ಫೋನಿನ ಸ್ಪೀಕರು ಹಾಕಿ ಚುಕ್ಕಿಯ ಕಿವಿಗೆ ಹಿಡಿದ. ಅಂಬಿಕ ಗಂಟಲು ಸರಿಮಾಡಿಕೊಂಡು, ಜೋಗುಳದ ಧಾಟಿಯಲ್ಲಿ ಮೆಲ್ಲಗೆ ಶುರು ಮಾಡಿದಳು:

"ಎದ್ದನೇನೆ ಚುಕ್ಕಿ, ನಿಮ್ಮಪ್ಪ ಎದ್ದನೇನೆ,
ಒತ್ತು ಮಾರುದ್ದ ಬಂದ್ರೂ ಮುಸುಕು ತೆಗೆದನೇನೆ,
ಉಲ್ಲು ಕುಯ್ಯೋ ಕುಡ್ಲು ಎಲ್ಲೈತೆ ಬಲ್ಲನೇನೆ,
ಅಳ್ಳಿಕಟ್ಟೆ ಮೇಲೆ ಕುಂತು ಊರು ಆಳ್ದನೇನೆ."

ಚುಕ್ಕಿಯ ಕಿವಿ ನಿಮಿರಿತು. ಮೈ ಸಡಿಲಿತು.

"ಡೈರಿಗೆ ಓದೋನು ಟೀ ಅಂಗ್ಡೀಲಿ ಬೇರು ಬಿಟ್ಟ,
ನೆಂಟ್ರ ಮುಂದೆ ನಾನೇ ಕರೆದೆ ಆಲು ಅಂದುಬಿಟ್ಟ,
ತವರಿಗೆ ಓಗ್ತೀನಂದ್ರೆ ಮೂತಿ ಮುಂದಕಿಟ್ಟ,
ಬಂದ್ಮೇಲೆ ಏನು ತಂದೆ ಅಂತ ಚೀಲಕ್ಕೆ ಕೈಯಿಟ್ಟ."

ಹಾಲು ಇಳಿಯಿತು. ಮುನಿರಾಜು ಫೋನನ್ನು ಶ್ರೀರಾಮಪ್ಪನ ಕೈಗೆ ಕೊಟ್ಟು, ತಲೆಯೆತ್ತದೆ ಕರೆದ. ಅಂಬಿಕ ಎಂಟು ವರ್ಷದ ಸರಕನ್ನು ಒಂದೂ ಬಿಡದೆ ಹಾಡಿದಳು. ಅವನ ಗೊರಕೆಗೆ ಒಂದು ಚರಣ, ಸೋರುವ ಸೂರಿಗೆ ಒಂದು ಚರಣ, ಅತ್ತೆಯ ಮನೆಯಲ್ಲಿ ಏಳು ಒಬ್ಬಟ್ಟು ತಿಂದು ಮಲಗಿದ್ದಕ್ಕೆ ಎರಡು ಚರಣ. ಬಕೆಟ್ಟು ನೊರೆಯುಕ್ಕಿ ತುಂಬಿತು. ಎಲ್ಲರೂ ಗೋಡೆಗೆ ಒರಗಿ ನಕ್ಕರು. ಶ್ರೀನಿವಾಸಪ್ಪ ಒಬ್ಬರು ಮಾತ್ರ ನಗುತ್ತಾ ನಗುತ್ತಾ ಟವೆಲಿನಿಂದ ಕಣ್ಣು ಒತ್ತಿಕೊಂಡರು.

"ಬೈಯೋಳು ಓದ್ಮೇಲೇ ಕಣಪ್ಪ ಗೊತ್ತಾಗೋದು, ಅದ್ಕೂ ಒಂದು ರಾಗ ಇತ್ತು ಅಂತ" ಎಂದು ಅವರು ಟೇಪ್ ರೆಕಾರ್ಡರು ಎತ್ತಿಕೊಂಡರು. ಆ ಸಾಯಂಕಾಲ ಅವರ ಮನೆಯಿಂದ ಮತ್ತೆ ಹಾಡು ಕೇಳಿಸಿತು. ವೆಂಕಟರತ್ನಮ್ಮ ಚೊಂಬು ಹಿಡಿದು ತಮ್ಮ ಹಸುವಿನ ಕೆಳಗೆ ಸಿದ್ಧವಾಗಿ ಕೂತರು.

ಮುನಿರಾಜು ಕ್ಯಾನು ಹೊತ್ತು ಡೈರಿಗೆ ಹೋಗುವುದರೊಳಗೆ ಅಂಬಿಕಳ ಹಾಡು ಅಲ್ಲಿಗೆ ತಲುಪಿತ್ತು. ಶ್ರೀರಾಮಪ್ಪ ಕಾಂತರಾಜನಿಂದ ಅದನ್ನು ಪಡೆದು, 'ಹಾಲು ಇಳಿಸದ ಹಸುಗಳಿಗೆ, ಅನುಭವದಿಂದ ಕಂಡದ್ದು' ಎಂದು ಬರೆದು ಡೈರಿಯ ವಾಟ್ಸಾಪ್ ಗುಂಪಿಗೆ ಹಾಕಿದ್ದ. ಅಲ್ಲಿಂದ ಅದು ಬೂದಿಕೋಟೆ ದಾಟಿ ಬಂಗಾರಪೇಟೆಯ ದಾರಿ ಹಿಡಿದಿತ್ತು. ಸಾಲಿನಲ್ಲಿ ನಿಂತವರು ಅವನಿಗೆ ದಾರಿ ಬಿಟ್ಟು, ಏಳು ಒಬ್ಬಟ್ಟಿನ ವಿಷಯ ನಿಜವೇ ಎಂದು ಮರ್ಯಾದೆಯಿಂದ ಕೇಳಿದರು.

ಆ ರಾತ್ರಿ ಅಂಬಿಕ ಬಂದಾಗ ಅವನು ಜಗಳವಾಡಲಿಲ್ಲ. ಒಂದು ನಿರ್ಧಾರ ಮಾಡಿದ್ದ. ಬೆಳಗ್ಗೆ ಐದಕ್ಕೇ ಎದ್ದು, ದೇವರ ಪಟಕ್ಕೆ ಕೈ ಮುಗಿದು, ಹುಲ್ಲು ಕುಯ್ದು ತಂದು, ಕೊಟ್ಟಿಗೆ ಗುಡಿಸಿ, ಹೆಂಡತಿಯ ಪಕ್ಕದಲ್ಲಿ ಕುಕ್ಕರುಗಾಲಲ್ಲಿ ಕೂತ. ಇನ್ನು ಯಾವ ಬಾಯಿ ತಾನೇ ಏನು ಹಾಡೀತು ಎಂದು ಅವನ ಎಣಿಕೆ.

ಅಂಬಿಕ ಬಾಯಿ ತೆರೆದಳು. ಗಂಡನ ಮುಖ ನೋಡಿದಳು. ಗುಡಿಸಿದ ನೆಲ ನೋಡಿದಳು. ಹಾಡಲು ಅವನ ತಪ್ಪೊಂದೂ ಸಿಗಲಿಲ್ಲ. ಚುಕ್ಕಿ ಕಾದು ಕಾದು ಬಾಲದಿಂದ ಮುನಿರಾಜುವಿನ ಮುಖಕ್ಕೆ ಒಂದು ಬಾರಿಸಿ, ಹಾಲು ಇಳಿಸದೆ ನಿಂತಿತು. ಡೈರಿಗೆ ಹೊತ್ತಾಗುತ್ತಿತ್ತು.

"ಓಗಯ್ಯ" ಎಂದಳು ಅಂಬಿಕ, ಮೆತ್ತಗೆ. "ಒಳಗೋಗಿ ಮುಸುಕಾಕ್ಕೊಂಡು ಮಲಕ್ಕ. ಆಲು ಬರ್ಲಿ."

ಮುನಿರಾಜು ಎದ್ದು ಹೋಗಿ ಮಲಗಿ ತಲೆ ತುಂಬ ಮುಸುಕೆಳೆದ. ನಿದ್ದೆ ಬರಲಿಲ್ಲ. ಎಂಟು ವರ್ಷದಲ್ಲಿ ಮೊದಲ ಸಲ ಕಿವಿ ಅಗಲ ಮಾಡಿಕೊಂಡು ಕೇಳಿದ. ಗೋಡೆಯಾಚೆ ಹಾಲು ಬಕೆಟ್ಟಿಗೆ ಬೀಳುವ ಸದ್ದಿನ ಜೊತೆ ಹೊಸ ಚರಣವೊಂದು ಶುರುವಾಗಿತ್ತು. ಅದು ಅವನು ಉಟ್ಟ ಸೀರೆಯಿಂದಲೇ ಶುರುವಾಗಿತ್ತು.