ಅಕ್ಕನಿಗೆ ತಂದ ಮೈಕ್‌ಸೆಟ್ಟು

ಕಿವಿ ಕೇಳದವರು ಒಬ್ಬರು ಮನೆಯಲ್ಲಿದ್ದರೆ ನಗುವಂಥ ಪ್ರಸಂಗಗಳಿಗೆ ಕೊರತೆ ಇಲ್ಲ. ಓಣಿಯವರು ಆ ಕ್ಷಣವೇ ನಗುತ್ತಾರೆ. ಮನೆಯವರಿಗೆ ನಗು ಬರಲು ಕೆಲವು ವರ್ಷ ಬೇಕಾಗುತ್ತದೆ. ನನಗೆ ಈಗೀಗ ಬರುತ್ತಿದೆ.

ಎಪ್ಪತ್ತರ ದಶಕದ ಮಾತು. ನಾನು ಟಿಕೋಟಾದಲ್ಲಿ ದವಾಖಾನೆಯ ಕಂಪೌಂಡರ್ ಆಗಿದ್ದೆ. ಅವ್ವ, ನಾನು, ಎರಡು ಖೋಲಿಯ ಬಾಡಿಗೆ ಮನೆ. ಅಕ್ಕನನ್ನು ಕಳ್ಳಕವಟಗಿಗೆ ಕೊಟ್ಟಿದ್ದೆವು. ಲಗ್ನವಾಗಿ ನಾಲ್ಕನೆಯ ವರ್ಷ ಅವಳಿಗೆ ಟೈಫಾಯಿಡ್ ಬಂತು. ಜ್ವರ ಇಳಿಯಿತು, ಇಳಿಯುವಾಗ ಕಿವಿಯನ್ನೂ ಕಸಿದುಕೊಂಡು ಹೋಯಿತು. ಪೂರ್ತಿ ಅಲ್ಲ, ಹತ್ತಿರ ನಿಂತು ಒದರಿದರೆ ಒಂದಿಷ್ಟು ಕೇಳುತ್ತಿತ್ತು. ಗಂಡನ ಮನೆಯವರು ಆರು ತಿಂಗಳು ಒದರಿದರು. ಆಮೇಲೆ ಒಂದು ಮುಂಜಾನೆ ಅವಳ ಟ್ರಂಕು ಬಸ್ಸಿನ ಮೇಲೆ ಹಾಕಿ, ಅವಳನ್ನು ಒಳಗೆ ಹತ್ತಿಸಿ ಕಳಿಸಿಬಿಟ್ಟರು. ಎರಡು ವರ್ಷವಾದರೂ ಗಂಡ ಕರೆಯಲು ಬರಲಿಲ್ಲ. ಊರಿಗೆಲ್ಲ ಔಷಧ ಕಟ್ಟಿಕೊಡುವ ನನ್ನ ಹತ್ತಿರ ಅಕ್ಕನಿಗೆ ಕೊಡಲು ಏನೂ ಇರಲಿಲ್ಲ.

ಮೊದಲು ಅಕ್ಕ ರೊಟ್ಟಿ ಬಡಿಯುವಾಗಲೂ ಹಾಡುತ್ತಿದ್ದಳು. ಈಗ ರೇಡಿಯೋಕ್ಕೆ ಕಿವಿ ಹಚ್ಚಿ ಕೂಡುತ್ತಿದ್ದಳು. ಒಂದು ದಿನ ಬಂದ್ ಆದ ರೇಡಿಯೋವನ್ನೇ ಅರ್ಧ ತಾಸು ಕೇಳಿದಳು. ಅದನ್ನು ನೋಡಿದ ಮೇಲೆ ನಾನು ದೊಡ್ಡ ಸಪ್ಪಳದ ಯಂತ್ರ ಹುಡುಕಲು ಹೊರಟೆ.

೧. ಸಣ್ಣಗೆ ಮಾಡುವ ಬಗೆ

ಬಬಲೇಶ್ವರದಲ್ಲಿ ಮೈಕ್‌ಸೆಟ್ ಬಾಡಿಗೆ ಕೊಡುವ ವಯಸ್ಸಾದವರೊಬ್ಬರಿದ್ದರು. ಎಲ್ಲರೂ ಚಾಚಾ ಅನ್ನುತ್ತಿದ್ದರು. ಸುತ್ತ ಹತ್ತೂರಿನ ಲಗ್ನಗಳಲ್ಲಿ ಹಾಡಿನ ಪ್ಲೇಟು ಹಾಕಿದವರು. ಹೊಸ ಯಂತ್ರ ತಂದಿದ್ದರಿಂದ ಹಳೆಯದನ್ನು ಮಾರುವವರಿದ್ದರು. ಪ್ಲೇಟು ತಿರುಗುವ ಪೆಟ್ಟಿಗೆ, ಅದರ ಆಂಪ್ಲಿಫೈಯರ್, ಗಿಡಕ್ಕೆ ಕಟ್ಟುವ, ಕಹಳೆಯ ಬಾಯಿಯಂಥ ದೊಡ್ಡ ತಗಡಿನ ಭೋಂಗಾ, ಜೊತೆಗೆ ಹತ್ತಿಪ್ಪತ್ತು ಸವೆದ ಪ್ಲೇಟು.

“ಮನ್ಯಾಗ ಲಗ್ನಾ ಐತೇನ್ರಿ?” ಅಂತ ಕೇಳಿದರು.

“ಇಲ್ರಿ ಚಾಚಾ.”

“ತೊಟ್ಲಾ?”

“ಇಲ್ರಿ.”

ಚಾಚಾ ದನಿ ತಗ್ಗಿಸಿದರು. “ಯಾರರ ತೀರಿಕೊಂಡಾರೇನ್ರಿ?”

“ಎಲ್ಲಾರೂ ಅದಾರ್ರಿ. ಮನ್ಯಾಗ ಕೂತು ಹಾಡ ಕೇಳಾಕ ಬೇಕಾಗೇತ್ರಿ.”

ಈ ಕಾರಣ ಹೇಳಿಕೊಂಡು ಅವರ ಅಂಗಡಿಗೆ ಯಾರೂ ಬಂದಿರಲಿಲ್ಲ ಅಂತ ಕಾಣುತ್ತದೆ. ನಾನು ಯಂತ್ರದ ಗುಂಡಿಗಳನ್ನೆಲ್ಲ ತಿರುವಿ, “ಇದನ್ನ ಸಣ್ಣಗ ಮಾಡೂದ್ ಹೆಂಗ್ರಿ?” ಅಂದೆ.

“ಗೊತ್ತಿಲ್ರಿ,” ಅಂದರು ಚಾಚಾ. “ಇಷ್ಟ ವರ್ಷದಾಗ ಸಣ್ಣಗ ಮಾಡು ಅಂತ ಇದಕ್ಕ ಯಾರೂ ಹೇಳಿಲ್ಲ.”

೨. ಬರಬೇಕಾದ ಗಂಡ

ಭೋಂಗಾವನ್ನು ನಡುಮನೆಯಲ್ಲಿಟ್ಟು ಸುತ್ತ ಎರಡು ಕೌದಿ ಹೊದಿಸಿ ಬಾಯಿ ಮಾತ್ರ ಬಿಟ್ಟೆ. ಮುಳ್ಳು ಪ್ಲೇಟಿಗೆ ತಾಗಿದ್ದೇ ತಡ, ಮಾಳಿಗೆಯ ಮಣ್ಣು ಉದುರಿತು. ಅವ್ವ ಓಡಿಹೋಗಿ ಹಿಟ್ಟಿನ ಡಬ್ಬಿ ಮುಚ್ಚಿದಳು. ನನ್ನ ಎದೆಯೊಳಗೆ ಯಾರೋ ಕುಟ್ಟಿದ ಹಾಗಾಗುತ್ತಿತ್ತು. ಅಕ್ಕ ಭೋಂಗಾದ ಬಾಯಿಗೆ ಮುಖ ಕೊಟ್ಟು ಕೂತಿದ್ದಳು.

“ಯಾರೋ ಭಾಳ ದೂರ, ಹೊಲದಾಗ ಹಾಡಾಕತ್ತಾರ,” ಅಂದಳು. ಮನೆಗೆ ಬಂದ ಮೇಲೆ ಅವಳು ನಕ್ಕದ್ದು ಅದೇ ಮೊದಲು.

ಎರಡನೆಯ ಪ್ಲೇಟು ಮುಗಿಯುವಷ್ಟರಲ್ಲಿ ಓಣಿಯ ಐದಾರು ಜನ ಹೆಂಗಸರು ಬಾಗಿಲಲ್ಲಿದ್ದರು. ಭೋಂಗಾ ಕೂಗಿತು ಅಂದರೆ ಲಗ್ನ ಅಂತಲೇ ಲೆಕ್ಕ. ಹಿಂದಿನ ಓಣಿಯ ಮುದುಕಿಯೊಬ್ಬಳು ಕುಬಸದ ಖಣವನ್ನೂ ತಂದಿದ್ದಳು. “ಮದುಮಗಳು ಯಾರವ್ವಾ?” ಅಂತ ಕೇಳಿದಳು. ಅಕ್ಕನಿಗೆ ಕೇಳಿಸಲಿಲ್ಲ. ಕೇಳದಿದ್ದಾಗ ಹೌದು ಅನ್ನುವ ಹಾಗೆ ತಲೆ ಅಲ್ಲಾಡಿಸುವ ರೂಢಿ ಅವಳಿಗೆ. ಅಲ್ಲಾಡಿಸಿದಳು. ಮುದುಕಿ ಅವಳ ಹಣೆಗೆ ಕುಂಕುಮ ಹಚ್ಚಿ ಖಣ ಕೈಗೆ ಕೊಟ್ಟಳು. ಅಕ್ಕ ಬಗ್ಗಿ ಕಾಲು ಮುಟ್ಟಿದಳು.

“ಗಂಡು ಎಲ್ಲಿ?” ಅಂತ ಮುದುಕಿ ಅವ್ವನನ್ನು ಕೇಳಿದಳು.

“ಇನ್ನೂ ಬಂದಿಲ್ಲವ್ವಾ.”

“ಬಸ್ಸು ತಡಾ ಆಗಿರಬೇಕು.”

“ಹೌದು,” ಅಂದಳು ಅವ್ವ. “ಎರಡ ವರ್ಷ ತಡಾ ಆಗೇತಿ.”

೩. ಕರೆಯುವ ದನಿ

ಒಂದು ದಿನ ಮುಂಜಾನೆ ದವಾಖಾನೆಯಲ್ಲಿ ಗುಳಿಗೆ ಎಣಿಸುತ್ತಿದ್ದೆ. ನಮ್ಮ ಮನೆ ಅಲ್ಲಿಂದ ಎರಡೇ ಓಣಿ. ಪ್ಲೇಟಿನ ಯಾವುದೋ ಗೆರೆಯಲ್ಲಿ ಮುಳ್ಳು ಸಿಕ್ಕಿಕೊಂಡಿತ್ತು. ಹಾಡುವವನು “ಬಾ” ಅಂದ. ಮತ್ತೆ “ಬಾ” ಅಂದ. ಇಡೀ ಟಿಕೋಟಾಕ್ಕೆ ಕೇಳುವ ಹಾಗೆ ಅರ್ಧ ತಾಸು “ಬಾ, ಬಾ” ಅನ್ನುತ್ತಲೇ ಇದ್ದ.

ಬಾಕಿನ ಮೇಲೆ ದಮ್ಮಿನ ಬೇನೆಯ ಅಜ್ಜನೊಬ್ಬ ಕೂತಿದ್ದ. ಅವನ ಮುಖ ಇಳಿಯುತ್ತಾ ಹೋಯಿತು. ನನ್ನ ಕೈ ಹಿಡಿದು ಮೆಲ್ಲಗೆ ಕೇಳಿದ: “ಸಾಹೇಬ್ರ, ಆ ದನಿ ನಿಮಗೂ ಕೇಳಾಕತ್ತೈತೋ, ನನಗ ಒಬ್ಬಾವಗ ಕೇಳಾಕತ್ತೈತೋ?”

“ನನಗೂ ಕೇಳಾಕತ್ತೈತಿ ಅಜ್ಜಾ.”

ಅಜ್ಜ ಉಸಿರು ಬಿಟ್ಟು ಗೋಡೆಗೆ ಒರಗಿದ. ಡಾಕ್ಟರರು ಒಳಗಿನಿಂದಲೇ, “ಮೊದಲ ಮನಿಗೆ ಹೋಗಿ ಆ ಹಾಡಾವನ್ನ ಬಿಡಿಸಿ ಬಾ,” ಅಂದರು.

ಓಡಿಹೋದೆ. ಅವ್ವ ನೀರಿಗೆ ಹೋಗಿದ್ದಳು. ಅಕ್ಕ ತಿರುಗುವ ಪ್ಲೇಟನ್ನೇ ನೋಡುತ್ತಾ, ಅಂಗೈಯನ್ನು ಪೆಟ್ಟಿಗೆಯ ಮೇಲಿಟ್ಟುಕೊಂಡು ಕೂತಿದ್ದಳು. ದೂರದ ಹೊಲದ ಹಾಡೂ ಈಗ ಅವಳಿಗೆ ಸರಿಯಾಗಿ ಮುಟ್ಟುತ್ತಿಲ್ಲ ಅಂತ ನನಗೆ ತಿಳಿದದ್ದು ಆಗಲೇ. ಬರೀ ಪೆಟ್ಟಿಗೆಯ ನಡುಕ ಹಿಡಿದು ಕೂತಿದ್ದಳು. ನಾನು ಮುಳ್ಳು ಎತ್ತಿದೆ. ಅಕ್ಕ ನನ್ನ ಕಡೆ ತಿರುಗಿ ಹೇಳಿದಳು:

“ಈ ಹಾಡು ಭಾಳ ಉದ್ದ ಐತೋ ತಮ್ಮಾ.”

೪. ಉಳಿದ ಕಿವಿ

ವಿಜಾಪುರಕ್ಕೆ ಕರೆದುಕೊಂಡು ಹೋದೆ. ಗೋಳಗುಮ್ಮಟದ ಕಡೆ ಕಿವಿಯ ಡಾಕ್ಟರೊಬ್ಬರಿದ್ದರು. ದೀಪ ಹಾಕಿ ನೋಡಿದರು, ಕಿವಿಯ ಹತ್ತಿರ ಗಂಟೆ ಬಾರಿಸಿ ನೋಡಿದರು. “ನರ ಸತ್ತಾವು. ಎಡಗಿವಿಯೊಳಗ ಚೂರು ಉಳದೈತಿ. ಮನ್ಯಾಗ ದೊಡ್ಡ ಸಪ್ಪಳಾ ಏನರ ಐತೇನು?”

“ಇಲ್ರಿ,” ಅಂದೆ.

ಅಕ್ಕನಿಗೆ ಪ್ರಶ್ನೆ ಕೇಳಿಸಿರಲಿಲ್ಲ. ಆದರೆ ಡಾಕ್ಟರರು ಒಳ್ಳೆಯವರಂತೆ ಕಂಡರು, ಅವರಿಗೆ ಏನಾದರೂ ಹೇಳಬೇಕು ಅನ್ನಿಸಿರಬೇಕು. ಹೊರಗೆ ಕೂತ ರೋಗಿಗಳಿಗೂ ಕೇಳುವ ಹಾಗೆ, “ನನ್ನ ತಮ್ಮ ನನಗ ಲಗ್ನದ ಭೋಂಗಾ ತಂದಾನ್ರಿ,” ಅಂದಳು.

ಡಾಕ್ಟರರು ನನ್ನನ್ನು ನೋಡಿದ ನೋಟ ಇನ್ನೂ ನೆನಪಿದೆ. ಒಂದು ಚೀಟಿಯಲ್ಲಿ “ಅದನ್ನು ಹಚ್ಚಿದರೆ ಉಳಿದ ಕಿವಿಯೂ ಹೋಗುತ್ತದೆ” ಅಂತ ಬರೆದು ಅಕ್ಕನಿಗೆ ಕೊಟ್ಟರು. ಅವಳು ಎರಡು ಸಲ ಓದಿ, ಚೀಟಿ ಮಡಚಿ ವಾಪಸ್ ಕೊಟ್ಟಳು.

“ಹಚ್ಚದಿದ್ರ, ಉಳದ ಕಿವಿ ತಗೊಂಡು ಏನ್ ಮಾಡ್ಲಿರಿ?”

ಡಾಕ್ಟರರಿಗೆ ನಗು ಬಂದುಬಿಟ್ಟಿತು. ಆಮೇಲೆ ಬಹಳ ಹೊತ್ತು ಕನ್ನಡಕ ಒರೆಸುತ್ತಾ ಕೂತರು.

೫. ಹಳದಿ ಲಕೋಟೆ

ಆ ಚಳಿಗಾಲಕ್ಕೆ ಉಳಿದದ್ದೂ ಹೋಯಿತು. ಅಕ್ಕ ಮಾತ್ರ ದಿನಾ ಪ್ಲೇಟು ಹಾಕುವುದನ್ನು ಬಿಡಲಿಲ್ಲ.

ಒಂದು ಮುಂಜಾನೆ ಚಾಚಾ ಬಂದರು. ಬಬಲೇಶ್ವರದಲ್ಲಿ ಅಂದೇ ಒಂದು ದೊಡ್ಡ ಲಗ್ನ, ಅವರ ಹೊಸ ಯಂತ್ರ ಕೈಕೊಟ್ಟಿತ್ತು. “ಇವತ್ತೊಂದ ದಿನ ಕೊಡ್ರಿ,” ಅಂದರು. ಅಕ್ಕನಿಗೆ ಕೈಸನ್ನೆಯಲ್ಲಿ ತಿಳಿಸಿದೆ. “ನಾನೂ ಬರ್ತೀನಿ. ನನ್ನ ಬಿಟ್ಟ ಯಾರೂ ಮುಳ್ಳ ಮುಟ್ಟಬ್ಯಾಡ್ರಿ,” ಅಂದಳು. ಮೂವರೂ ಹೋದೆವು.

ಹಂದರದ ಮುಂದಿನ ಸಾಲಿನಲ್ಲಿ ಅಕ್ಕನ ಅತ್ತೆ ಕೂತಿದ್ದಳು. ಕಳ್ಳಕವಟಗಿಯಿಂದ ಬಂದಿದ್ದಳು. ಅಕ್ಕ ಹೋಗಿ ನಮಸ್ಕಾರಕ್ಕೆ ಬಗ್ಗಿದಳು. ಅತ್ತೆ ಕಾಲು ಸೀರೆಯೊಳಗೆ ಎಳೆದುಕೊಂಡು ಮುಖ ತಿರುವಿದಳು. ಅಕ್ಕ ಬಂದು ಯಂತ್ರದ ಹತ್ತಿರ ಕೂತಳು.

ಅಕ್ಕಿಕಾಳು ಬೀಳುವ ಹೊತ್ತಿಗೆ ಗಿಡದ ಮೇಲಿನ ಭೋಂಗಾದ ತಂತಿ ಕಳಚಿತು. ಚಾಚಾ ನಿಚ್ಚಣಿಕೆ ಹತ್ತಿದರು, ನಾನು ಬುಡ ಹಿಡಿದೆ. ಹತ್ತುವ ಮೊದಲು ಅವರು ಅಕ್ಕನಿಗೆ ಸನ್ನೆ ಮಾಡಿದ್ದರು: ಲಗ್ನ ಮಾಡಿಸುವ ಐನೋರು ಕೈ ಎತ್ತಿದಾಗ ಹಳದಿ ಲಕೋಟೆಯ ಪ್ಲೇಟು ಹಾಕು. ಅದರಲ್ಲಿ ಇರಬೇಕಾದದ್ದು ಶಹನಾಯಿ. ಆದರೆ ಎರಡು ದಿನದ ಹಿಂದೆ ಚಾಚಾ ಯಾವುದೋ ಸಾಲಿಯ ಕಾರ್ಯಕ್ರಮ ಮುಗಿಸಿ ಬಂದು, ಅವಸರದಲ್ಲಿ ಆ ಲಕೋಟೆಯೊಳಗೆ ರಾಷ್ಟ್ರಗೀತೆ ಸೇರಿಸಿಬಿಟ್ಟಿದ್ದರು.

ತಂತಿ ಕೂಡಿತು. ಐನೋರು ಕೈ ಎತ್ತಿದರು. ಅಕ್ಕ ಮುಳ್ಳು ಇಟ್ಟಳು.

ಮೊದಲು ಎದ್ದವರು ಸಾಲಿ ಮಾಸ್ತರರು. ಅವರನ್ನು ನೋಡಿ ಇಡೀ ಹಂದರ ಎದ್ದಿತು. ಐನೋರ ಮಂತ್ರ ನಿಂತಿತು. ಅಕ್ಕಿಕಾಳು ಹಿಡಿದ ಕೈಗಳೆಲ್ಲ ತೊಡೆಗೆ ಅಂಟಿಕೊಂಡವು. ವರ ತಾಳಿಯನ್ನು ಮುಷ್ಟಿಯಲ್ಲಿ ಹಿಡಿದು ನೆಟ್ಟಗೆ ನಿಂತ. ನಾನು ನಿಚ್ಚಣಿಕೆ ಬಿಟ್ಟು ನಿಂತೆ. ಮೇಲೆ ಚಾಚಾ ಕೂಡ ಟೊಂಗೆ ಬಿಟ್ಟು ಎರಡೂ ಕೈ ಇಳಿಬಿಟ್ಟು, ಸಣ್ಣಗೆ ತೂಗಾಡುತ್ತಾ ನಿಂತಿದ್ದರು. ಯಾರಿಗೂ ಹೋಗಿ ಮುಳ್ಳು ಎತ್ತುವ ಧೈರ್ಯವಿಲ್ಲ.

ಅಕ್ಕ ಪ್ಲೇಟಿನಿಂದ ತಲೆ ಎತ್ತಿ ಸುತ್ತ ನೋಡಿದಳು. ಅಷ್ಟು ಮಂದಿ ತನ್ನ ಯಂತ್ರದ ಮುಂದೆ ಮಾತಿಲ್ಲದೆ ನಿಂತದ್ದು ಕಂಡಳು. ಮುಂದಿನ ಸಾಲಿಗೆ ಬಂದು ಅವಳ ಕಣ್ಣು ನಿಂತಿತು. ಅತ್ತೆಯೂ ತಲೆ ಬಗ್ಗಿಸಿ ನಿಂತಿದ್ದಳು.

ಗೀತೆ ಮುಗಿಯಿತು. ಜನ ಉಸಿರು ಬಿಟ್ಟು ಕೂಡತೊಡಗಿದರು.

“ತಮ್ಮಾ, ಎಲ್ಲಾರಿಗೂ ಭಾಳ ಸೇರೇತಿ. ನಮ್ಮ ಅತ್ತಿನೂ ಎದ್ದು ನಿಂತಾಳ,” ಅಂದಳು ಅಕ್ಕ, ಇಡೀ ಹಂದರಕ್ಕೆ ಕೇಳುವ ದನಿಯಲ್ಲಿ. “ತಡಿ, ಮತ್ತೊಂದ ಸಲಾ ಹಚ್ತೀನಿ.”

ಅರ್ಧ ಕೂತಿದ್ದ ಅತ್ತೆ, ಮೊಣಕಾಲು ಹಿಡಿದುಕೊಂಡು ಮತ್ತೆ ಎದ್ದು ನಿಂತಳು.