ಇಲಿ ಸಾಕುವ ಚಿಗವ್ವ, ಕಾಳು ಮಾರುವ ನಾನು

ಇಲಿಗಳನ್ನು ನೋಡಲು ಹೋಗುವಾಗ ತಲೆಗೆ ಎಣ್ಣೆ ಹಚ್ಚದೆ, ಹೂ ಮುಡಿಯದೆ, ಬಳೆ ಕಳಚಿಟ್ಟು, ವಾಸನೆಯಿಲ್ಲದ ಸೋಪಿನಲ್ಲಿ ಮೊಣಕೈವರೆಗೆ ತೊಳೆದುಕೊಂಡು ಹೋಗುವ ಹೆಂಗಸು ಈ ಭೂಮಿಯ ಮೇಲೆ ಒಬ್ಬಳೇ ಇದ್ದರೆ, ಅವಳು ನಮ್ಮ ಚಿಗವ್ವ. ನಮ್ಮ ತಾಯಿಯ ಸ್ವಂತ ತಂಗಿ. ದೇವರ ಗುಡಿಗೂ ಆಕೆ ಇಷ್ಟು ಮಡಿಯಿಂದ ಹೋದದ್ದನ್ನು ನಾನು ಕಂಡಿಲ್ಲ. ಕೇಳಿದರೆ, "ದೇವ್ರು ಅಂಜಂಗಿಲ್ಲಪ್ಪ, ಇಲಿ ಅಂಜತಾವ" ಅನ್ನುತ್ತಾಳೆ.

ಊರ ಹೊರಗಿನ ಔಷಧ ಕಾಲೇಜಿನಲ್ಲಿ ಪ್ರಯೋಗಕ್ಕೆಂದು ಸಾಕಿದ ಬಿಳಿ ಇಲಿಗಳ ಕೋಣೆ ಆಕೆಯ ಉಸ್ತುವಾರಿಯಲ್ಲಿತ್ತು. ನನ್ನದು ಹಗರಿಬೊಮ್ಮನಹಳ್ಳಿಯಲ್ಲಿ ಕಾಳುಕಡಿ ವ್ಯಾಪಾರ. ಜೋಳ, ಶೇಂಗಾ, ತೊಗರಿ ಚೀಲಗಳ ನಡುವೆ ಕೂತು ಇಲಿಕುಲಕ್ಕೆ ಶಾಪ ಹಾಕುವುದೇ ನನ್ನ ನಿತ್ಯಕರ್ಮ. ಗಂಡ ತೀರಿಕೊಂಡ ಮೇಲೆ ಚಿಗವ್ವ ನಮ್ಮ ಮನೆಯಲ್ಲೇ ಇದ್ದಾಳೆ. ಒಂದೇ ಸೂರಿನಡಿ ಒಬ್ಬರು ಇಲಿಯನ್ನು ಸಾಕಿ ಸಂಬಳ ತರುವುದು, ಇನ್ನೊಬ್ಬರು ಇಲಿಯಿಂದಲೇ ಹಾಳಾಗುವುದು! ಇಂಥ ಹಣೆಬರಹ ಬೇರೆ ಯಾರಿಗಾದರೂ ಬಂದದ್ದುಂಟೇ?

ಈ ವರ್ಷ ಕಾಲೇಜಿನವರು ಆ ಕೋಣೆಯನ್ನು ಮುಚ್ಚುವುದೆಂದು ತೀರ್ಮಾನಿಸಿದರು. ಹುಡುಗರು ಈಗ ಆ ಪಾಠವನ್ನೆಲ್ಲ ಕಂಪ್ಯೂಟರಿನಲ್ಲೇ ಕಲಿಯುತ್ತಾರಂತೆ. ನ್ಯಾಯವಾಗಿ ನಾನು ಬಜಾರಿನಲ್ಲಿ ಪೇಢೆ ಹಂಚಬೇಕಿತ್ತು. ಆದರೆ ಉಳಿದ ಇಲಿಗಳ ಗತಿಯೇನು ಎಂಬ ಚಿಂತೆಯಲ್ಲಿ ಚಿಗವ್ವ ರೊಟ್ಟಿ ಮುರಿದು ತಟ್ಟೆಯಲ್ಲಿ ಹಾಗೇ ಬಿಟ್ಟು ಏಳತೊಡಗಿದಳು. ಆಮೇಲೆ ನನಗೂ ಊಟ ಸೇರಲಿಲ್ಲ. ಇಲಿಯ ಚಿಂತೆಯಲ್ಲಿ ಊಟ ಬಿಟ್ಟ ಕಾಳಿನ ವ್ಯಾಪಾರಿ ಈ ಜಿಲ್ಲೆಯಲ್ಲಿ ನಾನೊಬ್ಬನೇ ಇರಬೇಕು.

ಆಕೆ ಎಂಥವಳು ಎಂಬುದು ಗೊತ್ತಾಗಬೇಕಾದರೆ ನನ್ನ ಅಂಗಡಿಯಲ್ಲಿ ನಡೆದ ಅವಾಂತರ ಹೇಳಬೇಕು. ಇಲಿಕಾಟ ತಡೆಯಲಾರದೆ ನಾನೊಮ್ಮೆ ಅಂಟುಹಲಗೆ ತಂದು ಇಟ್ಟಿದ್ದೆ. ಇಲಿ ಅದರ ಮೇಲೆ ಕಾಲಿಟ್ಟರೆ ಮುಗಿಯಿತು, ಕೀಳಲು ಬರುವುದಿಲ್ಲ. ಸಂತೆಯ ದಿನ, ಅಂಗಡಿ ತುಂಬ ಗಿರಾಕಿಗಳು. ನನಗೆ ಊಟದ ಡಬ್ಬಿ ಕೊಡಲು ಬಂದ ಚಿಗವ್ವನ ಕಿವಿಗೆ ಚೀಲಗಳ ಸಂದಿಯಿಂದ ಕಿಚಕಿಚ ಸದ್ದು ಬಿತ್ತು. ಹಲಗೆ ಎಳೆದು ನೋಡಿದಳು. ಡಬ್ಬಿಯನ್ನು ಅಲ್ಲೇ ಇಟ್ಟು ನೆಲದ ಮೇಲೆ ಕೂತಳು.

"ಶೇಂಗಾ ಎಣ್ಣಿ ಕೊಡೋ."

"ಚಿಗವ್ವ, ಗಿರಾಕಿ ಅದಾರ..."

"ಎಣ್ಣಿ ಕೊಡಂದ್ರ ಕೊಡು."

ಕೊಟ್ಟೆ. ಆಕೆ ಇಲಿಯ ಮೇಲೆ ತನ್ನ ನೆರಳು ಬೀಳದ ಹಾಗೆ ಬಗ್ಗಿ, ಹನಿಹನಿಯಾಗಿ ಎಣ್ಣೆ ಬಿಡುತ್ತ ಒಂದೊಂದೇ ಕಾಲನ್ನು ಬಿಡಿಸತೊಡಗಿದಳು. ಅಂಗಡಿಗೆ ಅಂಗಡಿಯೇ ಸುತ್ತ ನೆರೆಯಿತು. ಕೊಟ್ಟೂರು ಕಡೆಯ ಗಿರಾಕಿಯೊಬ್ಬ ನನ್ನ ಕಿವಿಯ ಹತ್ತಿರ ಬಂದು, "ಏನ್ ಮಾಡಾಕತ್ತಾರ್ರಿ ಇವ್ರು?" ಎಂದ.

"ಇಲಿಗಿ ಎಣ್ಣಿಸ್ನಾನ ಮಾಡ್ಸಾಕತ್ತಾರ್ರಿ" ಎಂದೆ. ಬೇರೆ ಏನು ಹೇಳಲಿ?

ಅವನು ತೂಕಕ್ಕೆ ಇಟ್ಟಿದ್ದ ಖಾಲಿ ಚೀಲವನ್ನು ಮಡಚಿ ಕಂಕುಳಲ್ಲಿ ಇಟ್ಟುಕೊಂಡ. "ನೀವು ಕೆಲಸದಾಗ ಅದೀರಿ, ಆಮ್ಯಾಲೆ ಬರ್ತೀನ್ರಿ" ಎಂದು ಹೋದವನು ಇವತ್ತಿನವರೆಗೂ ಬಂದಿಲ್ಲ.

ಅವತ್ತು ಸಂಜೆ ನಾನು ಸಿಟ್ಟಿನಿಂದ ಕೇಳಿದೆ. "ಅಲ್ಲ, ಇಲಿ ಕೊಲ್ಲಬ್ಯಾಡ ಅಂದ್ರ ನಾ ಅಂಗಡಿ ಬಾಗಲಾ ಹಾಕ್ಕೊಂಡು ಹೋಗ್ಲೇನು?"

"ಕೊಲ್ಲಬ್ಯಾಡ ಅಂದ್ನೇನು? ನಿನಗ ಲುಕ್ಸಾನ ಆಗತೈತಿ, ಗೊತ್ತೈತಿ. ಅಂಜಿಸಿ ಕೊಲ್ಲಬ್ಯಾಡ ಅಂದೆ. ಇಡೀ ದಿವ್ಸ ಅಂಟಿಕೊಂಡು ಒದ್ದಾಡಿ ಸಾಯೋದು ಯಾರಿಗೂ ಬ್ಯಾಡಪ್ಪ."

ಮರುದಿನ ತಾನೇ ನಿಂತು ಗಾರೆಯವನನ್ನು ಕರೆಸಿ ಅಂಗಡಿಯ ತೂತುಗಳಿಗೆಲ್ಲ ಜಾಳಿಗೆ ಬಡಿಸಿ ಸಿಮೆಂಟು ಹಾಕಿಸಿದಳು. ಇಲಿಕಾಟ ಕಡಿಮೆಯಾದದ್ದು ನಿಜ. ಅದನ್ನು ನಾನು ಆಕೆಯ ಮುಂದೆ ಒಪ್ಪಿಕೊಂಡಿಲ್ಲ, ನೀವೂ ಹೇಳಬೇಡಿ.

ಕಾಲೇಜಿನಲ್ಲಿ ಆಕೆಯ ಕಾಟ ಇನ್ನೂ ಜೋರು. ಇಲಿಯನ್ನು ಬಾಲ ಹಿಡಿದು ಎತ್ತುವ ವಿದ್ಯಾರ್ಥಿ ಕಂಡರೆ, "ನಿನ್ನ ಜುಟ್ಟು ಹಿಡದು ಮಾಳಿಗಿಗೆ ಏರಸಲೇನು?" ಎಂದು ಕೇಳುತ್ತಿದ್ದಳಂತೆ. ಬಾಲ ಹಿಡಿದರೆ ಅವಕ್ಕೆ ಎದೆ ಒಡೆಯುವಷ್ಟು ಅಂಜಿಕೆ. ಅಂಜಿದ ಇಲಿಯ ಮೇಲೆ ಮಾಡಿದ ಪ್ರಯೋಗದ ಉತ್ತರವೂ ಸುಳ್ಳು. ಇದನ್ನು ಆಕೆ ಹೇಳದ ಮದುವೆ ಊಟವಿಲ್ಲ, ತಿಥಿ ಊಟವಿಲ್ಲ. ಹೋಳಿಗೆ ಬಾಯಿಗಿಡುವಾಗ ಇಲಿಯ ಬಾಲದ ಕಥೆ ಕೇಳಿ ಎದ್ದುಹೋದ ಬೀಗರ ಮುಂದೆ ನಾನು ಎಷ್ಟು ಸಲ ಕೈಮುಗಿದಿದ್ದೇನೋ ಆ ದೇವರೇ ಬಲ್ಲ.

ಇದಕ್ಕೆಲ್ಲ ಮೂಲ ಹೊಸಹಳ್ಳಿ ಕಡೆಯ ನಮ್ಮ ತಾತನ ಮನೆ. ಅವರು ಕುರಿ ಸಾಕಿದವರು. ದೇವಿಗೆ ಕುರಿ ಕೊಡುವಾಗ ಅದರ ಬೆನ್ನಿಗೆ ನೀರು ಚಿಮುಕಿಸಿ ಕಾಯುತ್ತಾರೆ. ಕುರಿ ಮೈ ಒದರಿದರೆ, ಅಂದರೆ ಮೈ ಕೊಡವಿದರೆ, ಒಪ್ಪಿಗೆ ಕೊಟ್ಟಿತು ಎಂದರ್ಥ. ಒದರದಿದ್ದರೆ ಕತ್ತಿ ಎತ್ತುವಂತಿಲ್ಲ, ಹೊತ್ತು ಮುಳುಗಿದರೂ ಸರಿ, ಕಾಯಬೇಕು. ನಮ್ಮ ಚಿಗವ್ವ ಅದನ್ನು ನೋಡುತ್ತಲೇ ಬೆಳೆದವಳು. ಓದಿ ಡಿಗ್ರಿ ತಗೊಂಡು, ಬಿಳಿ ಕೋಟು ಹಾಕಿಕೊಂಡು ಇಲಿ ಕೋಣೆ ಸೇರಿದ ಮೇಲೆ ಏನು ಮಾಡಿದಳು ಗೊತ್ತೇ? ಸೂಜಿ ಚುಚ್ಚುವ ಮೊದಲು ಪ್ರತಿಯೊಂದು ಇಲಿಯ ಬೆನ್ನಿಗೂ ಬೆರಳ ತುದಿಯಿಂದ ನೀರು ಚಿಮುಕಿಸಿದಳು! ಇಲಿ ಮೈ ಒದರಿದ ಮೇಲೇ ಸೂಜಿ. ಇಲಿ ಒದರದೆ ಇದ್ದೀತೇ? ಎಲ್ಲ ಇಲಿಗಳೂ ಸಂತೋಷದಿಂದ ಒಪ್ಪಿಗೆ ಕೊಟ್ಟವು.

ಹೀಗೆ ಬಹಳ ದಿನ ನಡೆಯಿತು. ಒಮ್ಮೆ ಪ್ರಾಣಿಗಳನ್ನು ಸರಿಯಾಗಿ ಇಟ್ಟಿದ್ದಾರೋ ಇಲ್ಲವೋ ಎಂದು ನೋಡುವ ಸಮಿತಿಯಿಂದ ಒಬ್ಬ ಮೇಡಂ ತಪಾಸಣೆಗೆ ಬಂದರು. ಈ ನೀರು ಯಾಕೆಂದು ಕೇಳಿದರು.

"ಒಪ್ಪಿಗಿ ತಗೊಳ್ಳಾಕತ್ತೀನ್ರಿ" ಎಂದಳು ಚಿಗವ್ವ.

ಆ ಮೇಡಂ ನಗಲಿಲ್ಲ. ಪಕ್ಕದಲ್ಲಿ ಕೂರಿಸಿಕೊಂಡು ತಿಳಿಸಿ ಹೇಳಿದರಂತೆ. ಅದು ಒಪ್ಪಿಗೆ ಅಲ್ಲಮ್ಮ, ಇಷ್ಟು ಸಣ್ಣ ಮೈ ಒದ್ದೆಯಾದರೆ ಕಾವು ಇಳಿದುಹೋಗುತ್ತದೆ, ಇಲಿಗೆ ಚಳಿಯಾಗಿ ಒದರುತ್ತದೆ ಅಷ್ಟೇ.

ಅವತ್ತು ಮನೆಗೆ ಬಂದ ಚಿಗವ್ವ ಕೈಕಾಲು ತೊಳೆಯದೆ ನೇರ ಒಲೆಯ ಮುಂದೆ ಹೋಗಿ ಕೂತಳು. ನಾನು ತಮಾಷೆ ಮಾಡಲು ಹೋದರೆ ನನ್ನ ಕಡೆ ನೋಡದೆಯೇ ಹೇಳಿದಳು. "ಇಷ್ಟು ದಿನಾ ಅವು ಹ್ಞೂಂ ಅಂತಾವ ಅನ್ಕೊಂಡಿದ್ದೆ. ಥಂಡಿ ಆಗತಿತ್ತಂತ." ಆಮೇಲೆ ನನ್ನ ಕಡೆ ತಿರುಗಿ, "ಹಂಗಾದ್ರ ನಮ್ಮಪ್ಪ ದೇವಿಗಿ ಕೊಟ್ಟ ಕುರಿ?" ಎಂದಳು. ನಾನು ಎದ್ದು ಹೋಗಿ ಅಂಗಡಿಯ ಲೆಕ್ಕದ ಪುಸ್ತಕ ತೆರೆದು ಕೂತೆ.

ಮರುದಿನದಿಂದ ನೀರು ನಿಂತಿತು. ಗೂಡಿನಲ್ಲಿ ಪೈಪಿನ ತುಂಡೊಂದನ್ನು ಇಟ್ಟು, ಇಲಿ ತಾನಾಗಿ ಅದರೊಳಗೆ ನಡೆದು ಬರುವವರೆಗೆ ಕಾಯುವುದು ಶುರುವಾಯಿತು. ಬಂದರೆ ಪೈಪಿನ ಸಮೇತ ಎತ್ತುವುದು. "ಇದನ್ನೂ ಒಪ್ಪಿಗಿ ಅಂತ ಹೇಳಾಕ ಬರಂಗಿಲ್ಲ. ಅಂಜಿಕಿಲ್ಲ ಅಂತ ಹೇಳಬಹುದು, ಅಷ್ಟ" ಅನ್ನುತ್ತಿದ್ದಳು.

ಇಂಥವಳ ಕೋಣೆ ಮುಚ್ಚಿದರೆ ಏನಾದೀತು, ನೀವೇ ಹೇಳಿ. ಮರಿಗಳನ್ನು ದೂರದ ಒಂದು ಕಾಲೇಜಿನವರು ಒಯ್ದರು. ಪ್ರಯೋಗ ಮುಗಿಸಿಕೊಂಡ ಮುದಿ ಇಲಿಗಳನ್ನು ಯಾರೂ ಕೇಳಲಿಲ್ಲ. ಚಿಗವ್ವ ಫೋನು ಮಾಡಿದ್ದೇ ಮಾಡಿದ್ದು. ಎಲ್ಲ ಕಡೆಯಿಂದಲೂ ಒಂದೇ ಮಾತು, ನಮಗೂ ಈಗ ಬೇಡ. ನಂಟರ ಸಲಹೆಗಳಿಗೇನೂ ಬರವಿರಲಿಲ್ಲ. ನನ್ನ ಹೆಂಡತಿಯ ಅಣ್ಣ, "ಬಾಗಳಿ ಕಡಿ ಹೊಲದಾಗ ಬಿಟ್ಟು ಬರ್ರಿ, ಪುಣ್ಯ ಬರ್ತೈತಿ" ಎಂದ.

"ಮುಗಿಲನ್ನ ನೋಡಿಲ್ಲಪ್ಪ ಅವು. ಹದ್ದು ಅಂದ್ರೇನು, ಬೆಕ್ಕು ಅಂದ್ರೇನು, ಗೊತ್ತಿಲ್ಲ. ಹೊತ್ತು ಮುಣಗೋದ್ರಾಗ ಒಂದೂ ಉಳಿಯಂಗಿಲ್ಲ. ಪುಣ್ಯ ನಿನಗ ಬರ್ತೈತಿ, ಅವಕ್ಕೇನು ಬರ್ತೈತಿ?"

ಅಷ್ಟರಲ್ಲಿ ಯಾರೋ, "ಅಂಗಡಿ ಮ್ಯಾಲಿನ ಕ್ವಾಣ್ಯಾಗ ಇಟ್ರಾತು ಬಿಡು" ಎಂದರು. ಯಾವ ಮಹಾನುಭಾವನೆಂದು ತಿರುಗಿ ನೋಡಿದರೆ, ಮಾತಾಡಿದವನು ನಾನೇ! ಕಾಳಿನ ಅಂಗಡಿಯ ಮೇಲೆ ಇಲಿಗಳ ವೃದ್ಧಾಶ್ರಮ! ನನ್ನ ಬಾಯಿಗೆ ಯಾವ ಗ್ರಹ ಬಡಿದಿತ್ತೋ.

ಚಿಗವ್ವ ಬಹಳ ದಿನಗಳ ಮೇಲೆ ನಕ್ಕಳು. "ನೀ ಹಿಂಗಂತಿ ಅಂತ ಅನ್ಕೊಂಡಿರಲಿಲ್ಲಪ್ಪ. ಆದ್ರ ಮದ್ದು ಹಾಕಿದ ಇಲಿ, ಹೊರಗ ತರಂಗಿಲ್ಲ. ನಿಯಮ ಐತಿ. ಅದೂ ಸರಿನ ಐತಿ."

ಹಾಗಾದರೆ ಉಳಿದದ್ದು ಒಂದೇ ದಾರಿ, ನೋವಾಗದಂತೆ ಸಾಯಿಸುವುದು. ಅದಕ್ಕೆ ಹೊರಗಿನಿಂದ ಒಬ್ಬ ತಜ್ಞರನ್ನು ಕರೆಸುತ್ತೇವೆಂದು ಕಾಲೇಜಿನವರು ಹೇಳಿದರು. ಪಾಪ, ಆಕೆಗೆ ಆ ಸಂಕಟ ಬೇಡವೆಂದೇ ಹೇಳಿದ್ದು. ಆಕೆ ಒಪ್ಪಲಿಲ್ಲ. "ಅವರ ಕೈ ಇವಕ್ಕ ಗೊತ್ತಿಲ್ಲ. ಹೊಸ ಕೈ ಕಂಡ್ರ ಅಂಜತಾವ. ನಾನ ಮಾಡ್ತೀನಿ" ಎಂದಳು.

ಆ ಮಧ್ಯಾಹ್ನ ಆಕೆಯನ್ನು ಕರೆತರಲು ನಾನು ಸ್ಕೂಟರ್ ತಗೊಂಡು ಹೋದೆ. ಕಾಲೇಜಿನ ಹಿಂದಿನ ಮೆಟ್ಟಿಲ ಮೇಲೆ ಕೂತಿದ್ದಳು.

"ಮುಗೀತೇನು ಚಿಗವ್ವ?"

"ಹ್ಞೂಂ. ಅವುಗಳ ಗೂಡಿನಾಗ, ಜೊತಿಗಿದ್ದವುಗಳ ಜೊತಿಗೇ. ನಿದ್ದಿ ಬಂದಂಗ ಹೋದ್ವು." ಎದ್ದು ಸೆರಗು ಕೊಡವಿಕೊಂಡಳು. "ಒಂದೂ ಅಂಜಲಿಲ್ಲ" ಎಂದಳು.

ದನಿಯಲ್ಲಿ ಏನೂ ಇರಲಿಲ್ಲ. ಇಷ್ಟು ವರ್ಷ ಇದೇ ಕೆಲಸ ಮಾಡಿದವಳು, ರೂಢಿಯಾಗಿರಬೇಕು ಅಂದುಕೊಂಡು ಗಾಡಿ ಚಾಲೂ ಮಾಡಿದೆ. ಆಕೆ ಹಿಂದೆ ಕೂತು ನನ್ನ ಹೆಗಲ ಮೇಲೆ ಕೈ ಇಟ್ಟಳು. ಆ ಕೈ ನಡುಗುತ್ತಿತ್ತು. ಗಾಡಿಯ ನಡುಕವಿರಬೇಕೆಂದು ವೇಗ ಇಳಿಸಿದೆ. ರೈಲ್ವೆ ಗೇಟಿನ ಮುಂದೆ ನಿಲ್ಲಿಸಿ ಇಂಜಿನ್ ಆರಿಸಿದೆ. ಆಗಲೂ ನಡುಗುತ್ತಲೇ ಇತ್ತು. ಅವುಗಳ ಪಾಲಿನ ಅಂಜಿಕೆಯನ್ನೆಲ್ಲ ಇವಳೊಬ್ಬಳೇ ತಗೊಂಡು ಬಂದಿದ್ದಾಳೆ ಎಂದು ಆಗ ನನಗೆ ಹೊಳೆಯಿತು. ನನಗೆ ಅಳು ಬಂತು.

ಗೇಟು ತೆರೆಯಿತು. ಬಜಾರು ಬಂತು. ಅಂಗಡಿಯ ಮುಂದೆ ಗಿರಾಕಿಗಳು ನಿಂತಿದ್ದರು, ನಾನು ನಿಲ್ಲಿಸಲಿಲ್ಲ.

"ಅಂಗಡಿ ದಾಟಿತಲ್ಲೋ" ಎಂದಳು ಹಿಂದಿನಿಂದ.

"ದಾಟ್ಲಿ ಬಿಡು, ಚಿಗವ್ವ" ಎಂದೆ. ಊರು ಮುಗಿದು ಎರಡೂ ಕಡೆ ಜೋಳದ ಹೊಲಗಳು ಬಂದವು. ನನ್ನ ಹೆಗಲ ಮೇಲಿನ ಆ ಕೈ ಇನ್ನೂ ನಡುಗುತ್ತಿತ್ತು. ನಾನು ಗಾಡಿಯನ್ನು ಮೆಲ್ಲಗೆ ಓಡಿಸುತ್ತಲೇ ಹೋದೆ.